ಬಸ್ಸಿನ ಪಾಸು ಭಿಕ್ಷವೋ, ಪಾಲೋ?

ವೃದ್ಧರನ್ನೂ ಅಂಗವಿಕಲರನ್ನೂ ಹಣ ತೆಗೆದುಕೊಳ್ಳದೆ, ಇಲ್ಲವೆ ಕಡಿಮೆ ಹಣ ತೆಗೆದುಕೊಂಡು, ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಕರೆದುಕೊಂಡು ಹೋಗುವ ಪದ್ಧತಿಯು ಈಗ ಅನೇಕ ದೇಶಗಳಲ್ಲಿ ಉಂಟು. ಇದು ಒಳ್ಳೇ ಕಾರ್ಯವೆಂದು ಬಹುಮಂದಿ ವಿಚಾರಿಸದೆ ಒಪ್ಪುವರು. ಇದು ಬಿಟ್ಟಿ ಹಂಚುವ ಕೆಟ್ಟ ಚಾಳಿಯೆಂದು ಕೆಲವರು ವಿಚಾರಿಸದೆ ಹಳಿಯುವರು. ವಿಚಾರಿಸದೆ ಒಪ್ಪುವದೂ ವಿಚಾರಿಸದೆ ಹಳಿಯುವದೂ ನಮಗೆ ತಕ್ಕದ್ದಲ್ಲ. ಆದದರಿಂದ ಈ ಸಾರಿ ನಾವು ಈ ವಿಷಯವನ್ನು ನೀತಿಯ ತಕ್ಕಡಿಯಲ್ಲಿಟ್ಟು ನೋಡುವೆವು.

ಪ್ರಶ್ನೆ ಏನಂದರೆ, ಹೀಗೆ ಕೈಗೆ ಬಂದ ಪಾಸು ಭಿಕ್ಷವೋ, ಕೂಲಿಯೋ, ಪಾಲೋ? ಹೆಸರು ಯಾವದಾದರೇನು, ಬಸ್ಸು ಓಡಿದರೆ ಸಾಕು ಎಂದು ಯಾರಾದರೂ ಹೇಳಬಹುದು. ಹಾಗಲ್ಲ, ಪ್ರಿಯ ವಾಚಕರೇ. ಭಿಕ್ಷ ತೆಗೆದುಕೊಳ್ಳುವವನು ತಲೆ ತಗ್ಗಿಸಿ ನಿಲ್ಲುವನು. ಕೂಲಿ ತೆಗೆದುಕೊಳ್ಳುವವನು ತನ್ನ ದುಡಿತದ ಲೆಕ್ಕ ತೋರಿಸಬೇಕು. ಪಾಲು ತೆಗೆದುಕೊಳ್ಳುವವನಾದರೋ ಮನೆಯವರೊಳಗೆ ಒಬ್ಬನಾಗಿ ಕೂತುಕೊಳ್ಳುವನು. ಒಂದೇ ಚೀಟಿಯನ್ನು ಕೈಯಲ್ಲಿ ಹಿಡಿದ ಮುದುಕನು ಈ ಮೂವರಲ್ಲಿ ಯಾರಾಗಿ ಬಸ್ಸನ್ನು ಹತ್ತುವನೆಂಬದು ಸಣ್ಣ ಮಾತಲ್ಲ.

ಈ ಪ್ರಶ್ನೆಯು ಒಂದು ಸಾರಿ ಇಂಗ್ಲೆಂಡ್ ದೇಶದ ನ್ಯಾಯಸ್ಥಾನದ ಮುಂದೆಯೇ ಬಂತು. ಆ ದೇಶದ ನಡುಭಾಗದಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ದೊಡ್ಡ ಪಟ್ಟಣವುಂಟು. ಅಲ್ಲಿಯ ಪಟ್ಟಣಸಭೆಯವರು ತಾವೇ ಬಸ್ಸುಗಳನ್ನು ಓಡಿಸುತ್ತಿದ್ದರು. 1950ರ ದಶಕದ ಆರಂಭದಲ್ಲಿ ಅವರು ತಮ್ಮ ಪಟ್ಟಣದ ವೃದ್ಧರ ಕಷ್ಟವನ್ನು ನೋಡಿ, 70 ವರ್ಷ ದಾಟಿದ ಗಂಡಸರಿಗೂ 65 ವರ್ಷ ದಾಟಿದ ಹೆಂಗಸರಿಗೂ ಕೆಲವು ಹೊತ್ತುಗಳಲ್ಲಿ ಹಣವಿಲ್ಲದೆ ಪ್ರಯಾಣ ಮಾಡುವ ಅನುಕೂಲವನ್ನು ಕೊಟ್ಟರು. ಆಗ ತೆರಿಗೆ ಕೊಡುವ ಒಬ್ಬನು ಪಟ್ಟಣಸಭೆಯ ಮೇಲೆ ದಾವೆ ಹೂಡಿದನು. ಇದರಿಂದಾಗುವ ನಷ್ಟವನ್ನು ತೆರಿಗೆ ಕೊಡುವವರು ತುಂಬಬೇಕಾಗುವದು, ಹೀಗೆ ಕೊಡಲು ಪಟ್ಟಣಸಭೆಗೆ ಅಧಿಕಾರವೆಲ್ಲಿಂದ ಬಂತು ಎಂಬದೇ ಅವನ ವಾದ. ಕೆಳಗಿನ ನ್ಯಾಯಾಧಿಪತಿಯು ಅವನ ಪಕ್ಷವಾಗಿ ತೀರ್ಪು ಕೊಟ್ಟನು. 1954ರಲ್ಲಿ ಅಪೀಲಿನ ನ್ಯಾಯಸ್ಥಾನವೂ ಅದನ್ನೇ ಸ್ಥಿರಪಡಿಸಿತು. ಜೆಂಕಿನ್ಸ್ ಎಂಬ ನ್ಯಾಯಾಧಿಪತಿಯ ಮೂಲಕ ಹೊರಟ ಆ ತೀರ್ಪಿನ ಸಾರಾಂಶವೇನಂದರೆ: ಪಟ್ಟಣಸಭೆಯವರು ಜನರ ಹಣಕ್ಕೆ ಒಡೆಯರಲ್ಲ, ಅದನ್ನು ನಂಬಿಕೆಯಿಂದ ಕಾಯುವವರು; ಒಂದು ವರ್ಗದವರ ಮೇಲೆ ತಮಗೆ ಕರುಣೆ ಹುಟ್ಟಿತೆಂಬ ಕಾರಣದಿಂದಲೇ ಮಿಕ್ಕವರ ಹಣದಿಂದ ಅವರಿಗೆ ದಾನ ಮಾಡುವ ಸ್ವಾತಂತ್ರ್ಯ ಅವರಿಗಿಲ್ಲ.

ಇದನ್ನು ಕೇಳಿದ ಕೂಡಲೇ, ಮುದುಕರ ಬಾಯಿಂದ ತುತ್ತು ಕಸಿದುಕೊಂಡ ಹಾಗಾಯಿತಲ್ಲಾ ಎಂದು ನಮಗೆ ಸಿಟ್ಟು ಬರುವದು ಸಹಜ. ಆದರೆ ತಾಳ್ಮೆಯಿಂದ ವಿಚಾರಿಸೋಣ. ಒಂದು ಹಳ್ಳಿಯ ಸಭೆಯಲ್ಲಿ ಕಾಣಿಕೆಯ ಹಣವನ್ನು ಕಾಯುವ ಖಜಾಂಚಿ ಇದ್ದಾನೆಂದು ಎಣಿಸಿರಿ. ನೆರೆಮನೆಯ ವಿಧವೆಯು ಹಸಿದಿರುವದನ್ನು ಕಂಡು ಅವನು ಯಾರನ್ನೂ ಕೇಳದೆ ಸಭೆಯ ಪೆಟ್ಟಿಗೆಯಿಂದ 500 ರೂಪಾಯಿ ತೆಗೆದು ಕೊಟ್ಟರೆ ಅವನ ಕರುಣೆಯು ಒಳ್ಳೇದೇ. ಆದರೂ ಅವನು ಮಾಡಿದ್ದು ಸರಿಯಲ್ಲ. ಯಾಕಂದರೆ ಪೆಟ್ಟಿಗೆಯಲ್ಲಿರುವದು ಅವನ ಹಣವಲ್ಲ. ಇಂದು ನಿಜವಾಗಿ ಹಸಿದವಳಿಗೆ ಕೊಟ್ಟವನು ನಾಳೆ ತನ್ನ ನಂಟನಿಗೆ ಕೊಟ್ಟರೆ ಬೇಡವೆನ್ನುವವರು ಯಾರು? ಪರರ ಚೀಲದಿಂದ ಕರುಣೆ ತೋರಿಸುವದು ಬಹಳ ಸುಲಭ. ಆದದರಿಂದ ಇದು ಯಾರ ಹಣ, ಕೊಡುವವರು ಯಾರು ಎಂದು ಕೇಳಿದ್ದರಲ್ಲಿ ಅನ್ಯಾಯವಿಲ್ಲ.

ಹಾಗಾದರೆ ಆ ವಿಧವೆಯು ಹಸಿದೇ ಇರಬೇಕೋ? ಬೇಡ. ಖಜಾಂಚಿಯು ಆ ಮಾತನ್ನು ಸಭೆಯ ಮುಂದೆ ತರಲಿ. ಎಲ್ಲರೂ ಕೂಡಿ ಆಲೋಚಿಸಿ, ನಮ್ಮಲ್ಲಿ ಗತಿಯಿಲ್ಲದವರಿಗೆ ತಿಂಗಳಿಗೆ ಇಷ್ಟೆಂದು ನಿರ್ಣಯಿಸಲಿ. ಆಗ ಅದೇ 500 ರೂಪಾಯಿ ಒಬ್ಬ ಖಜಾಂಚಿಯ ಕೃಪೆಯಾಗಿರದೆ ಇಡೀ ಸಭೆಯ ಕಟ್ಟಳೆಯಾಗುವದು. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. 1955ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿ, ಆಗಲೇ ನಡೆಯುತ್ತಿದ್ದ ಇಂಥ ರಿಯಾಯಿತಿಗಳನ್ನು ಮುಂದುವರಿಸುವ ಅಧಿಕಾರವನ್ನು ಪಟ್ಟಣಸಭೆಗಳಿಗೆ ಕೊಟ್ಟಿತು. 1964ರ ಕಾಯಿದೆಯು ಆ ಅಧಿಕಾರವನ್ನು ವಿಸ್ತರಿಸಿತು. ಐರ್ಲೆಂಡ್ ದೇಶದ ಸರಕಾರವು 1967ರಲ್ಲಿ ವೃದ್ಧಾಪ್ಯವೇತನದಾರರಿಗೆ ಉಚಿತ ಪ್ರಯಾಣವನ್ನು ಏರ್ಪಡಿಸಿತು. ಕಡೆಗೆ ಇಂಗ್ಲೆಂಡಿನಲ್ಲಿ 2007ರ ಕಾಯಿದೆಯ ಮೇರೆಗೆ, 2008ನೆಯ ಏಪ್ರಿಲ್ 1ರಿಂದ, 60 ವರ್ಷ ತುಂಬಿದವರಿಗೂ ಅಂಗವಿಕಲರಿಗೂ ದೇಶದ ಯಾವ ಊರಿನ ಸ್ಥಳೀಯ ಬಸ್ಸಿನಲ್ಲಿಯಾದರೂ ಉಚಿತವಾಗಿ ಹೋಗುವ ಹಕ್ಕು ದೊರೆಯಿತು. ವಯಸ್ಸಿನ ಮೇರೆಯನ್ನು ತರುವಾಯ ಏರಿಸಿದರು. ಬಸ್ಸು ಓಡಿಸುವವರಿಗೆ ಇದರಿಂದ ಲಾಭವೂ ಆಗಬಾರದು ನಷ್ಟವೂ ಆಗಬಾರದು ಎಂಬ ಲೆಕ್ಕದಲ್ಲಿ ಹಣ ತುಂಬಿಕೊಡುವ ಏರ್ಪಾಡೂ ಉಂಟು. ಮೊದಲು ಕರುಣೆಯೆಂದು ನ್ಯಾಯಸ್ಥಾನವು ತಡೆದದ್ದೇ ಹೀಗೆ ಎಲ್ಲರ ಒಪ್ಪಿಗೆಯಿಂದ ಹಕ್ಕಾಯಿತು.

ಈಗ ನಮ್ಮ ಮೂರು ಹೆಸರುಗಳಿಗೆ ಬರೋಣ. ಮೊದಲನೆಯದು ಭಿಕ್ಷ. ಕೊಡುವವನ ಮನಸ್ಸು ಬಂದರೆ ಭಿಕ್ಷವುಂಟು, ಬಾರದಿದ್ದರೆ ಇಲ್ಲ. ಕಾಯಿದೆಯಿಂದ ಬಂದದ್ದು ಕಂಡಕ್ಟರನ ಮನಸ್ಸಿಗೆ ಕಾಯುವದಿಲ್ಲ. ಆದದರಿಂದ ಅದು ಭಿಕ್ಷವಲ್ಲ.

ಎರಡನೆಯದು ಕೂಲಿ. ಈ ಮಾತು ಕೇಳುವದಕ್ಕೆ ಬಹು ಇಂಪಾಗಿದೆ. ಹಿಂದೆ ಸುಗ್ಗಿಯಲ್ಲಿ ಕಣದ ಬಳಿಗೆ ಬಡಗಿಯೂ ಕಮ್ಮಾರನೂ ಬಂದು ತಮ್ಮ ಆಯವನ್ನು ಅಳೆಸಿಕೊಳ್ಳುತ್ತಿದ್ದರು. ಅವರು ಬೇಡಲು ಬಂದವರಲ್ಲ, ವರುಷವೆಲ್ಲಾ ನೇಗಿಲನ್ನೂ ಕುಳವನ್ನೂ ಸರಿಮಾಡಿಕೊಟ್ಟವರು. ಹಾಗೆಯೇ ಈ ಮುದುಕನು ಪ್ರಾಯದಲ್ಲಿ ಈ ರಸ್ತೆಗೆ ಕಲ್ಲು ಹೊತ್ತನು, ಕಂದಾಯ ಕೊಟ್ಟನು, ಮಕ್ಕಳನ್ನು ಸಾಕಿದನು. ಈಗ ಅವನ ಆಯವನ್ನು ಕೊಡುವದು ನ್ಯಾಯವಲ್ಲವೋ? ನ್ಯಾಯವೇ. ಆದರೆ ಈ ಕೋಲಿನಿಂದ ಎಲ್ಲರನ್ನೂ ಅಳೆಯಲಾಗದು. ಹುಟ್ಟುಕುರುಡನಾದವನು ಯಾವ ರಸ್ತೆಗೆ ಕಲ್ಲು ಹೊತ್ತನು? ಎಳೇ ವಯಸ್ಸಿನಲ್ಲಿ ಪೋಲಿಯೋ ರೋಗದಿಂದ ಕಾಲಿನ ಶಕ್ತಿ ಹೋದ ಹುಡುಗಿಯು ಯಾವ ಕೂಲಿಯನ್ನು ಬಾಕಿ ಇಟ್ಟಿದ್ದಾಳೆ? ಪಾಸನ್ನು ಕೂಲಿಯೆಂದು ಕರೆದರೆ, ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಅವಶ್ಯವೋ ಅವರೇ ಹೊರಗೆ ನಿಲ್ಲುವರು. ದುಡಿದದ್ದರಿಂದ ಮಾತ್ರವೇ ಮನುಷ್ಯನಿಗೆ ಬೆಲೆಯೆಂದು ಒಪ್ಪಿದ ಹಾಗೂ ಆಗುವದು. ಅದನ್ನು ನಾವು ಒಪ್ಪಲಾರೆವು.

ಮೂರನೆಯದು ಪಾಲು. ಊರಿಗೆ ಒಂದು ರಸ್ತೆ ಆಗಿರುವದು ಯಾರಿಗೋಸ್ಕರ? ಎಲ್ಲರಿಗೋಸ್ಕರ. ಅದರ ಮೇಲೆ ಯೌವನಸ್ಥನು ನಡೆದಾನು, ಸೈಕಲ್ಲನ್ನೋ ಮೋಟಾರ್ ಸೈಕಲ್ಲನ್ನೋ ಓಡಿಸಿಯಾನು. ಮೊಣಕಾಲು ಸೋತವನಿಗೆ, ಕಣ್ಣು ಕಾಣದವನಿಗೆ, ಅದೇ ರಸ್ತೆಯು ಗೋಡೆಯಿದ್ದ ಹಾಗೆ. ಅವನಿಗೆ ಬಸ್ಸೇ ರಸ್ತೆ. ದುಡಿಯಲಾರದವನ ಕೈಯಲ್ಲಿ ಟಿಕೆಟಿನ ಹಣವೂ ಇಲ್ಲದಿದ್ದರೆ ಆ ರಸ್ತೆಯೂ ಮುಚ್ಚಿತು. ಆದದರಿಂದ ಪಾಸು ಕೊಡುವವರು ಹೊಸದಾಗಿ ಏನನ್ನೂ ದಾನ ಮಾಡುವದಿಲ್ಲ. ಮೊದಲೇ ಅವನದಾಗಿದ್ದ ರಸ್ತೆಯ ಪಾಲನ್ನು ಅವನಿಗೆ ಮುಟ್ಟುವಂತೆ ಮಾಡುವರು. ಒಬ್ಬರ ಸಹಾಯವಿಲ್ಲದೆ ಹೋಗಲಾರದ ಅಂಗವಿಕಲರಿಗೆ ನಮ್ಮ ರೈಲ್ವೆಯವರು ಸ್ಲೀಪರ್ ದರ್ಜೆಯಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಕೊಟ್ಟು, ಜೊತೆಯಲ್ಲಿ ಹೋಗುವವನಿಗೂ ಅಷ್ಟೇ ಕೊಡುವದು ಇದೇ ತತ್ವದ ಮೇಲೆ. ಜೊತೆಗಾರನಿಲ್ಲದೆ ಅವರ ಪಾಲು ಅವರಿಗೆ ಮುಟ್ಟುವದಿಲ್ಲವಷ್ಟೆ.

ಇದು ಹೊಸ ಬೋಧನೆಯಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯಬಾರದು, ಉದುರಿದ ತೆನೆಗಳನ್ನು ಬಡವರಿಗೂ ಪರದೇಶಿಗೂ ಬಿಡಬೇಕೆಂಬ ಕಟ್ಟಳೆಯಿದ್ದದ್ದನ್ನು ನಮ್ಮ ವಾಚಕರು ಬಲ್ಲರು. ಅದು ಒಡೆಯನ ಇಷ್ಟಕ್ಕೆ ಬಿಟ್ಟದ್ದಲ್ಲ. ಮೋವಾಬಿನಿಂದ ಬಂದ ರೂತಳು ಬೋವಜನ ಮನೆಯ ಬಾಗಲಲ್ಲಿ ಕೈ ಚಾಚಿ ನಿಲ್ಲದೆ ಹೊಲಕ್ಕೆ ಹೋಗಿ ತನ್ನ ಕೈಯಾರೆ ಹಕ್ಕಲಾಯ್ದಳು. ಅವಳು ಆ ಹೊಲದಲ್ಲಿ ಹಿಂದೆ ದುಡಿದವಳೂ ಅಲ್ಲ, ಆ ದೇಶದವಳೂ ಅಲ್ಲ. ಆದರೂ ಹೊಲದ ಅಂಚಿನಲ್ಲಿ ಅವಳಿಗೆ ಪಾಲಿತ್ತು.

ಇದಕ್ಕೆ ಬರುವ ಆಕ್ಷೇಪಣೆಗಳನ್ನೂ ನಾವು ಮರೆಮಾಡಬಾರದು. ಐಶ್ವರ್ಯವಂತನಾದ ಮುದುಕನೂ ಬಿಟ್ಟಿಯಾಗಿ ಹೋಗುವನು, ಅವನ ಪಕ್ಕದಲ್ಲಿ ಕೂತ ಬಡ ಕೂಲಿಯಾಳು ಪೂರ್ತಿ ಹಣ ಕೊಡುವನು. ಇದು ನೀತಿಯೋ ಎಂದು ಕೇಳುವರು. ಈ ಮಾತಿನಲ್ಲಿ ಭಾರವುಂಟು. ಆದರೆ ಐಶ್ವರ್ಯವಂತನನ್ನು ಬೇರೆಮಾಡಬೇಕಾದರೆ ಬಡವನು ತನ್ನ ಬಡತನವನ್ನು ಕಛೇರಿಯಿಂದ ಕಛೇರಿಗೆ ಹೊತ್ತು ತೋರಿಸಬೇಕು. ಹಾಗೆ ತೋರಿಸಲು ನಾಚುವವನೂ, ಅರ್ಜಿ ಬರೆಯಲು ತಿಳಿಯದವನೂ ಮೊದಲು ತಪ್ಪಿಹೋಗುವರು. ಶಕ್ತಿಯುಳ್ಳವನು ತಾನಾಗಿ ಟಿಕೆಟು ಕೊಂಡರೆ ಅವನನ್ನು ತಡೆಯುವವರಿಲ್ಲ. ಕೂಲಿಯಾಳಿನ ಭಾರವನ್ನು ಇಳಿಸಲು ಬೇರೆ ದಾರಿ ಹುಡುಕಬೇಕೇ ಹೊರತು ಮುದುಕನನ್ನು ಬಸ್ಸಿನಿಂದ ಇಳಿಸುವದು ದಾರಿಯಲ್ಲ. ಇಂಗ್ಲೆಂಡಿನ ಪಾಸು ವಾರದ ದಿನಗಳಲ್ಲಿ ಬೆಳಿಗ್ಗೆ 9-30ರ ತರುವಾಯವೇ ನಡೆಯತಕ್ಕದ್ದೆಂಬ ಸಾಮಾನ್ಯ ನೇಮವು, ದುಡಿಯಲು ಹೋಗುವವರಿಗೆ ಸ್ಥಳ ತಪ್ಪದಂತೆ ನೋಡುವದು.

ನಮ್ಮ ದೇಶದ ಸಂಗತಿ ಹೇಗೆ? ಭಾರತದ ಸಂವಿಧಾನದ 41ನೆಯ ಅನುಚ್ಛೇದವು ವೃದ್ಧಾಪ್ಯ, ರೋಗ, ಅಂಗವಿಕಲತೆ ಮೊದಲಾದ ಕಷ್ಟಗಳಲ್ಲಿ ರಾಜ್ಯವು ತನ್ನ ಶಕ್ತಿಯ ಮಿತಿಯೊಳಗೆ ಸಹಾಯ ಮಾಡಬೇಕೆಂದು ಹೇಳುತ್ತದೆ. ಆದರೂ ಅದು ಸರಕಾರಕ್ಕೆ ದಾರಿ ತೋರುವ ತತ್ವ. ನ್ಯಾಯಸ್ಥಾನದಲ್ಲಿ ವಸೂಲು ಮಾಡಿಕೊಳ್ಳತಕ್ಕ ಸಾಲವಲ್ಲ. ಇದರ ಪರಿಣಾಮವನ್ನು ರೈಲಿನಲ್ಲಿ ಕಂಡೆವು. 60 ವರ್ಷದ ಗಂಡಸರಿಗೆ ನೂರಕ್ಕೆ 40, 58 ವರ್ಷದ ಹೆಂಗಸರಿಗೆ ನೂರಕ್ಕೆ 50 ಇದ್ದ ರಿಯಾಯಿತಿಯನ್ನು 2020ನೆಯ ಮಾರ್ಚ್ ತಿಂಗಳಲ್ಲಿ, ಕೊರೋನಾ ವ್ಯಾಧಿ ಬಂದಾಗ, ಒಂದು ಆಜ್ಞೆಯಿಂದ ನಿಲ್ಲಿಸಿದರು. ವ್ಯಾಧಿ ತಗ್ಗಿದ ಮೇಲೆ ಖರ್ಚಿನ ಭಾರವನ್ನು ಕಾರಣವಾಗಿ ಹೇಳಿದರು. ಆಜ್ಞೆಯಿಂದ ಬಂದದ್ದು ಆಜ್ಞೆಯಿಂದ ಹೋಯಿತು. ಕೃಪೆಗೂ ಹಕ್ಕಿಗೂ ಇರುವ ಭೇದವು ಇದರಿಂದ ಚೆನ್ನಾಗಿ ತಿಳಿಯುವದು.

ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ 60 ವರ್ಷ ತುಂಬಿದವರಿಗೆ ನೂರಕ್ಕೆ 25ರಷ್ಟು ರಿಯಾಯಿತಿಯೂ, ಅಂಗವಿಕಲರಿಗೆ ಕಡಿಮೆ ದರದ ಪಾಸೂ ಉಂಟು. 2023ನೆಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆಲ್ಲಾ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಹೀಗಿರಲಾಗಿ, ತಾಲೂಕಿನ ಆಸ್ಪತ್ರೆಗೆ ಹೊರಟ ಮುದಿ ದಂಪತಿಗಳಲ್ಲಿ ಹೆಂಡತಿಗೆ ಶೂನ್ಯದ ಟಿಕೆಟು, ಗಂಡನಿಗೆ ಮುಕ್ಕಾಲು ಹಣದ ಟಿಕೆಟು. ಹೆಂಡತಿಗೆ ಸಿಕ್ಕಿದ್ದಕ್ಕೆ ನಾವು ಅಸೂಯೆಪಡುವದಿಲ್ಲ. ಆದರೆ ಸೋತ ಮೊಣಕಾಲುಗಳು ಇಬ್ಬರವೂ ಒಂದೇ ವಿಧವಾಗಿರುವಾಗ ಈ ಭೇದವನ್ನು ಎಲ್ಲರೂ ಕೂಡಿ ವಿಚಾರಿಸುವದು ಯೋಗ್ಯ.

ಹಣದ ಮಾತಿಗಿಂತಲೂ ದೊಡ್ಡದು ಇನ್ನೊಂದುಂಟು. ಟಿಕೆಟಿಗೆ ಹಣವಿಲ್ಲದ ಮುದುಕನು ಮೊದಮೊದಲು ಮಗನನ್ನು ಕೇಳುವನು. ಎರಡು ಸಾರಿ ಕೇಳಿ, ಮೂರನೆಯ ಸಾರಿ ಮಗನ ಮುಖವನ್ನು ನೋಡಿ ಸುಮ್ಮನಾಗುವನು. ಆಮೇಲೆ ತಂಗಿಯ ಊರಿಗೆ ಹೋಗುವದನ್ನು ಬಿಡುವನು, ಸಂತೆಯನ್ನು ಬಿಡುವನು, ಕಣ್ಣಿನ ವೈದ್ಯರನ್ನು ಬಿಡುವನು, ಹಳೇ ಸ್ನೇಹಿತನ ಮಣ್ಣಿಗೂ ಹೋಗದೆ ಜಗಲಿಯ ಮೇಲೆ ಕೂತಿರುವನು. ಜಗಲಿಯೇ ಅವನ ಲೋಕವಾಗುವದು. ಯಾರೂ ಅವನನ್ನು ಕಟ್ಟಿಹಾಕಲಿಲ್ಲ. ಆದರೂ ಅವನು ಕಟ್ಟಲ್ಪಟ್ಟವನೇ. ಪಾಸು ಆ ಕಟ್ಟನ್ನು ಬಿಚ್ಚುವದು.

ಆದರೆ ಬಸ್ಸೇ ಬಾರದ ಹಳ್ಳಿಯಲ್ಲಿ ಪಾಸಿನಿಂದೇನು ಪ್ರಯೋಜನ? ಮೆಟ್ಟಲು ಮೊಣಕಾಲೆತ್ತರಕ್ಕಿದ್ದರೆ, ಡ್ರೈವರನು ಮುದುಕರನ್ನು ಕಂಡು ನಿಲ್ಲಿಸದೆ ಹೋದರೆ, ಚೀಟಿಯು ಕಿಸೆಯಲ್ಲಿಯೇ ಉಳಿಯುವದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಬಸ್ಸುನಿಲ್ದಾಣಗಳೂ ವಾಹನಗಳೂ ಅವರಿಗೆ ಸುಲಭವಾಗಿರುವಂತೆ ಏರ್ಪಡಿಸಬೇಕೆಂದು ವಿಧಿಸಿದೆ. ವಿಧಿಸಿದ್ದು ನಡೆಯಬೇಕಾದರೆ ಕೇಳುವ ಬಾಯಿಗಳು ಬೇಕು.

ಆದದರಿಂದ, ಸಹೋದರ ಸಹೋದರಿಯರೇ, ನಾವು ಮಾಡತಕ್ಕ ಕೆಲಸವೂ ಉಂಟು. ಓದುಬರಹ ಬಲ್ಲ ಯೌವನಸ್ಥರು ತಮ್ಮ ಊರಿನಲ್ಲಿ 60 ವರ್ಷ ತುಂಬಿದವರು ಯಾರು, ಅಂಗವಿಕಲರು ಯಾರು ಎಂದು ವಿಚಾರಿಸಿ, ವಯಸ್ಸಿನ ದಾಖಲೆ ಮೊದಲಾದ ಕಾಗದಗಳನ್ನು ಕೂಡಿಸಿ, ಅರ್ಜಿಯನ್ನು ಬರೆದುಕೊಡಲಿ. ಜೊತೆಯಿಲ್ಲದೆ ಹೋಗಲಾರದವರೊಂದಿಗೆ ಒಬ್ಬರು ಹೋಗಲಿ. ಬಸ್ಸಿಲ್ಲದ ಊರಿನವರು ಜಾತಿಮತಗಳ ಭೇದವಿಲ್ಲದೆ ಎಲ್ಲರ ರುಜು ಹಾಕಿಸಿ ಗ್ರಾಮಪಂಚಾಯತಿಯ ಮೂಲಕ ಬಸ್ಸನ್ನು ಕೇಳಲಿ. ಬಸ್ಸಿನಲ್ಲಿ ಮುದುಕಿಯೊಬ್ಬಳು ಹತ್ತುವಾಗ, ಬಿಟ್ಟಿಯವರು ಬಂದರು ಎಂಬ ಮಾತು ನಮ್ಮ ಬಾಯಿಂದ ಹೊರಡದಿರಲಿ. ಅವಳು ತನ್ನ ಪಾಲಿನ ಸ್ಥಳಕ್ಕೆ ಬಂದವಳು. ನಾವು ಎದ್ದು ಆ ಸ್ಥಳವನ್ನು ಅವಳಿಗೆ ಬಿಟ್ಟುಕೊಡೋಣ.