ಪಂಪಿಂಗ್ ಮೂವತ್ತಾದವರಿಗೆ ಬೈಪಾಸ್: ಒಂದು ಮೀಮಾಂಸೆ

ವಿಷಯ

"ಅಪ್ಪನ ಪಂಪಿಂಗ್ ಮೂವತ್ತಂತೆ. ಮೂರು ಬ್ಲಾಕ್ ಬೇರೆ ಉಂಟಂತೆ. ಈ ಹೃದಯಕ್ಕೆ ಇನ್ನು ಆಪರೇಷನ್ ಮಾಡುವುದುಂಟಾ ಮಾರಾಯ್ರೇ?" ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಆಂಜಿಯೋಗ್ರಾಂ ಮುಗಿಸಿ ಬಂದವರ ಜಗಲಿಯಲ್ಲಿ ಏಳುವ ಪ್ರಶ್ನೆ ಇದು. ಉತ್ತರ ಹೇಳುವವರೂ ಬೇಕಾದಷ್ಟಿದ್ದಾರೆ: ನೆಂಟರು, ಪಕ್ಕದ ತೋಟದವರು, ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ತಾಳಮದ್ದಳೆ ಕೇಳಿ ಬೆಳೆದ ಊರಿನಲ್ಲಿ ವಾದಕ್ಕೆ ಬರವೇ? ಎದುರಾಳಿಯ ಮಾತನ್ನು ಪೂರ್ತಿ ಕೇಳಿ ಆಮೇಲೆ ಉತ್ತರಿಸುವ ಶಿಸ್ತು ಮಾತ್ರ ಇಲ್ಲಿ ಕಡಿಮೆ. ಆ ಶಿಸ್ತಿನಲ್ಲೇ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಮೀಮಾಂಸೆಯ ಕ್ರಮದಲ್ಲಿ ಇದನ್ನು ನೋಡೋಣ.

ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕವೇ ಪಂಪಿಂಗ್. ಆರೋಗ್ಯವಂತರಲ್ಲೂ ಅದು 55ರಿಂದ 70ರೊಳಗೆ. ನೂರು ಯಾರಿಗೂ ಇಲ್ಲ. ಮೂವತ್ತು ಎಂದು ಕೇಳಿದೊಡನೆ ಹೃದಯದ ಎಪ್ಪತ್ತು ಪಾಲು ಸತ್ತಿತೆಂದು ಅಳುವವರಿಗೆ ಮೊದಲು ಇದನ್ನು ಹೇಳಬೇಕು. ಆದರೂ 35ಕ್ಕಿಂತ ಕೆಳಗಿಳಿದರೆ ಅದು ತೀವ್ರ ದೌರ್ಬಲ್ಯವೇ. ದೌರ್ಬಲ್ಯಕ್ಕೆ ಮದ್ಯ, ವೈರಾಣು, ಕವಾಟದ ದೋಷ ಕೂಡ ಕಾರಣವಾಗಬಹುದು. ಇಲ್ಲಿನ ಚರ್ಚೆ ಹೃದಯದ ರಕ್ತನಾಳ ಕಟ್ಟಿ ದುರ್ಬಲವಾದ ಹೃದಯಕ್ಕೆ ಮಾತ್ರ ಸಂಬಂಧಿಸಿದ್ದು.

ಅಂಥ ಹೃದಯ ನಮ್ಮಲ್ಲಿ ಹೇಗೆ ಉಂಟಾಗುತ್ತದೆ ಎಂಬುದಕ್ಕೆ ಭೂಗೋಳವೂ ಸಾಕ್ಷಿ. ಸಂಪಾಜೆ, ಕೊಲ್ಲಮೊಗ್ರು, ಬಿಳಿನೆಲೆ ಕಡೆ ರಾತ್ರಿ ಎದೆ ಹಿಂಡಿದರೆ ಮೊದಲು ಗ್ಯಾಸೆಂದು ಜೀರಿಗೆ ಕಷಾಯ, ಆಮೇಲೆ ಜೀಪು, ಆಮೇಲೆ ಮಂಗಳೂರು. ಪುತ್ತೂರಿನಿಂದಲೇ ಮಂಗಳೂರಿಗೆ ಐವತ್ತು ಕಿಲೋಮೀಟರ್ ಮೇಲೆ. ಸುಬ್ರಹ್ಮಣ್ಯದಿಂದ ಸುಮಾರು ನೂರು. ರಕ್ತ ಸಿಗದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರುಮಾಡಿದ 'ಮನೆ ಬಾಗಿಲಿಗೆ ಹೃದಯ ವೈದ್ಯರು' ಎಂಬ ಕೆಲಸ, ಅಂದರೆ ಹಳ್ಳಿಯ ಆಸ್ಪತ್ರೆಗೆ ಇಸಿಜಿ ಯಂತ್ರ ಕೊಟ್ಟು ವಾಟ್ಸಾಪ್‌ನಲ್ಲಿ ಅದನ್ನು ಓದಿ ಹೇಳುವುದು, ಈ ಕಾಯುವಿಕೆಯನ್ನೇ ಗುರಿಯಾಗಿಸಿತ್ತು. ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯದೂ ಅದೇ ದಾರಿ. ಇಷ್ಟಾಗಿಯೂ ತಡವಾದವರು ಬದುಕಿ ಉಳಿಯುತ್ತಾರೆ, ದುರ್ಬಲ ಹೃದಯದೊಂದಿಗೆ.

ಸಂಶಯ

ಇವರಿಗೆ ಬೈಪಾಸ್ ಮಾಡಿಸಬೇಕೇ, ಮಾತ್ರೆಯಲ್ಲೇ ಇರಬೇಕೇ? ತೀರ ಈಚಿನವರೆಗೆ ವೈದ್ಯರಿಗೂ ಇದು ಗೊತ್ತಿರಲಿಲ್ಲ. 1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫವಲೊರೊ ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿ ಬೈಪಾಸ್ ಮಾಡಿದರು. ಭಾರತದ ಮೊದಲ ಬೈಪಾಸ್ 1975ರಲ್ಲಿ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ನಡೆಯಿತು, ಮಾಡಿದವರು ಡಾ. ಕೆ.ಎಂ. ಚೆರಿಯನ್. ಬೈಪಾಸನ್ನೂ ಔಷಧವನ್ನೂ ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನ 'ಕ್ಯಾಸ್' 1983ರಲ್ಲಿ ಹೊರಬಂತು. ಆದರೆ ಪಂಪಿಂಗ್ 35ಕ್ಕಿಂತ ಕಡಿಮೆ ಇದ್ದವರನ್ನು ಅದು ಸೇರಿಸಿಕೊಳ್ಳಲೇ ಇಲ್ಲ. ಅತಿ ಹೆಚ್ಚು ಕಾಯಿಲೆ ಇದ್ದವರ ಬಗ್ಗೆಯೇ ಪ್ರಮಾಣವಿಲ್ಲದೆ, ಶಸ್ತ್ರವೈದ್ಯರ ಧೈರ್ಯ ಮತ್ತು ಅಂಜಿಕೆಯ ಮೇಲೆ ಹಲವು ವರ್ಷ ಚಿಕಿತ್ಸೆ ನಡೆಯಿತು.

ಮೊದಲ ಪೂರ್ವಪಕ್ಷ: ದುರ್ಬಲ ಹೃದಯ ಶಸ್ತ್ರಕ್ಕೆ ತಡೆಯದು

ಜಗಲಿಯ ಮಾತಿನಲ್ಲಿ ಇದೇ ಬಲವಾದದ್ದು, ಮತ್ತು ಪೂರ್ತಿ ಸುಳ್ಳಲ್ಲ. 2002ರಿಂದ 2007ರವರೆಗೆ 22 ದೇಶಗಳಲ್ಲಿ ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 1,212 ಜನರನ್ನು 'ಸ್ಟಿಚ್' ಎಂಬ ಅಧ್ಯಯನಕ್ಕೆ ಸೇರಿಸಿ, ಅರ್ಧದಷ್ಟು ಜನರಿಗೆ ಬೈಪಾಸ್ ಜೊತೆ ಔಷಧ, ಉಳಿದವರಿಗೆ ಔಷಧ ಮಾತ್ರ ಎಂದು ಚೀಟಿ ಎತ್ತಿದಂತೆ ಹಂಚಲಾಯಿತು. ಮೊದಲ ತಿಂಗಳಲ್ಲಿ ಬೈಪಾಸ್ ಗುಂಪಿನಲ್ಲಿ ಸಾವಿನ ಅಪಾಯ ಔಷಧದ ಗುಂಪಿನ ಸುಮಾರು ಮೂರು ಪಟ್ಟು. 2011ರಲ್ಲಿ, ಸುಮಾರು ಐದು ವರ್ಷದ ಲೆಕ್ಕ ಬಂದಾಗ ಔಷಧದವರಲ್ಲಿ ಶೇ. 41, ಬೈಪಾಸಿನವರಲ್ಲಿ ಶೇ. 36 ಮಂದಿ ತೀರಿಕೊಂಡಿದ್ದರು. ಈ ಅಂತರ ಆಕಸ್ಮಿಕವೂ ಆಗಿರಬಹುದೆಂದು ಸಂಖ್ಯಾಶಾಸ್ತ್ರ ಹೇಳಿತು. ಆ ವರ್ಷ ಪೂರ್ವಪಕ್ಷಿಯೇ ಗೆದ್ದನೆನ್ನಬೇಕು.

ಆದರೆ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಅದೇ ರೋಗಿಗಳನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿ 2016ರಲ್ಲಿ ಮತ್ತೆ ಎಣಿಸಿದಾಗ ಔಷಧದವರಲ್ಲಿ ಶೇ. 66.1, ಬೈಪಾಸಿನವರಲ್ಲಿ ಶೇ. 58.9 ಸಾವು. ಈ ಸಲ ಅಂತರ ಆಕಸ್ಮಿಕವಲ್ಲ. ಮಧ್ಯದ ರೋಗಿಯ ಆಯುಸ್ಸು 6.29 ವರ್ಷದಿಂದ 7.73ಕ್ಕೆ ಏರಿತ್ತು, ಅಂದರೆ ಹತ್ತಿರ ಹತ್ತಿರ ಒಂದೂವರೆ ವರ್ಷ. ಎರಡು ಗುಂಪಿನ ಸಾವಿನ ಲೆಕ್ಕದ ಗೆರೆಗಳು ಒಂದನ್ನೊಂದು ದಾಟಿದ್ದು ಸುಮಾರು ಎರಡನೆಯ ವರ್ಷದಲ್ಲಿ. ಬೆಲೆ ಮೊದಲ ತಿಂಗಳಲ್ಲೇ ಕೊಡಬೇಕು, ಫಲ ಎರಡು ವರ್ಷ ಕಳೆದ ಮೇಲೆ. ಉಳಿದ ಎಲ್ಲ ನಿರ್ಣಯಗಳೂ ಈ ಒಂದು ಮಾತಿನಿಂದ ಹುಟ್ಟುತ್ತವೆ.

ಇನ್ನೊಂದು ಸೋಜಿಗ ಅದೇ ಅಧ್ಯಯನದ ಒಳಗಿದೆ. ಮೂರೂ ನಾಳಗಳಲ್ಲಿ ತಡೆ, ಪಂಪಿಂಗ್ 27ಕ್ಕಿಂತ ಕೆಳಗೆ, ಹಿಗ್ಗಿ ದೊಡ್ಡದಾದ ಕುಕ್ಷಿ: ಇವುಗಳಲ್ಲಿ ಎರಡಾದರೂ ಇದ್ದವರಿಗೇ ಬೈಪಾಸಿನ ಲಾಭ ಸ್ಪಷ್ಟ, ಒಂದೇ ಇದ್ದವರಿಗೆ, ಒಂದೂ ಇಲ್ಲದವರಿಗೆ ಅಷ್ಟಿಲ್ಲ. "ಪಂಪಿಂಗ್ ಕಡಿಮೆ, ಆದ್ದರಿಂದ ಬೇಡ" ಎಂಬ ವಾದ ಇಲ್ಲಿ ತಲೆಕೆಳಗಾಗುತ್ತದೆ. ದೌರ್ಬಲ್ಯವು ನಿಷೇಧಕ್ಕೆ ಕಾರಣವಲ್ಲ, ವಿಧಿಗೇ ಕಾರಣ.

ಎರಡನೆಯದು: ಸತ್ತ ಸ್ನಾಯುವಿಗೆ ರಕ್ತ ಕೊಟ್ಟು ಪ್ರಯೋಜನವೇನು?

ಓದಿದವರು ಎತ್ತುವ ಪ್ರಶ್ನೆ ಇದು. ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಾಬುದ್ದೀನ್ ರಹಿಮ್ತೂಲಾ 1980ರ ದಶಕದಲ್ಲಿ ಸುಪ್ತ ಸ್ನಾಯುವಿನ, ಅಂದರೆ ರಕ್ತ ಸಾಲದೆ ಕೆಲಸ ನಿಲ್ಲಿಸಿದರೂ ಸಾಯದ ಸ್ನಾಯುವಿನ, ಕಲ್ಪನೆಯನ್ನು ಜಗತ್ತಿಗೆ ಪರಿಚಯಿಸಿದರು. ಬೇಸಗೆಯಲ್ಲಿ ನೀರು ಸಾಲದ ಅಡಿಕೆ ಮರ ಫಲ ಬಿಡುವುದನ್ನು ನಿಲ್ಲಿಸಿದರೂ ಸುಳಿ ಹಸಿರಿದ್ದರೆ ನೀರಿಗೆ ಚೇತರಿಸಿಕೊಳ್ಳುತ್ತದೆ. ಸುಳಿ ಒಣಗಿದ ಮರಕ್ಕೆ ಎಷ್ಟು ಹೊಯ್ದರೂ ಅಷ್ಟೆ. ಹಾಗಾದರೆ ಸ್ಕ್ಯಾನ್ ಮಾಡಿ ಸುಪ್ತವೋ ಸತ್ತದ್ದೋ ನೋಡಿ, ಸುಪ್ತವಾದರೆ ಮಾತ್ರ ಬೈಪಾಸ್ ಮಾಡಬೇಕಲ್ಲವೇ?

ಕೇಳಲು ಎಷ್ಟು ಯುಕ್ತಿಯುಕ್ತ! ಆದರೆ ಸ್ಟಿಚ್‌ನ 601 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಬೈಪಾಸಿನಿಂದ ಯಾರಿಗೆ ಆಯುಸ್ಸು ಹೆಚ್ಚೀತು ಎಂಬುದನ್ನು ಸ್ಕ್ಯಾನ್ ಬೇರ್ಪಡಿಸಿ ಹೇಳಲಿಲ್ಲ. ಬೈಪಾಸಿನ ಉಪಕಾರ ಪಂಪಿಂಗ್ ಏರಿಸುವುದರಲ್ಲಷ್ಟೇ ಇಲ್ಲ ಎಂಬುದೇ ಇದರ ಒಳಗುಟ್ಟೆಂದು ತೋರುತ್ತದೆ. ಹೊಸ ನಾಳವು ತಡೆಯಿರುವ ಜಾಗವನ್ನಷ್ಟೇ ಅಲ್ಲ, ನಾಳೆ ತಡೆ ಬರಬಹುದಾದ ಇಡೀ ಮೇಲುಭಾಗವನ್ನೂ ಬಳಸಿ ಹೋಗುತ್ತದೆ. ಆದ್ದರಿಂದ ಮುಂದಿನ ಹೃದಯಾಘಾತ ಬಂದರೂ ಉಳಿದ ಸ್ನಾಯು ಉಳಿಯುತ್ತದೆ. ಪಂಪಿಂಗ್ ಮೂವತ್ತರಲ್ಲಿ ಇರುವವರಿಗೆ ಕಳೆದುಕೊಳ್ಳಲು ಇನ್ನೆಷ್ಟು ಬಾಕಿಯಿದೆ? ಆಪರೇಷನ್ ಆಗಿ ಆರು ತಿಂಗಳಿಗೆ ಪಂಪಿಂಗ್ 32 ಎಂದು ಬಂದಾಗ "ಸುಮ್ಮನೆ ಕೊಯ್ಸಿದೆವು" ಎಂದು ಕೊರಗುವ ಮನೆಯವರು ಇದನ್ನು ತಿಳಿದಿರಬೇಕು.

ಮೂರನೆಯದು: ಕೈಯ ನಾಳದಿಂದಲೇ ಬಲೂನು, ಸ್ಟೆಂಟ್ ಹಾಕಿದರಾಯಿತಲ್ಲ?

ಎದೆ ಸೀಳುವುದಿಲ್ಲ, ಎರಡು ದಿನದಲ್ಲಿ ಮನೆ. ಆಸೆ ಸಹಜ. ಆದರೆ ಬ್ರಿಟನ್ನಿನ 'ರಿವೈವ್ಡ್' ಅಧ್ಯಯನ 2022ರಲ್ಲಿ ಇಂಥದೇ 700 ದುರ್ಬಲ ಹೃದಯಗಳಲ್ಲಿ ಸ್ಟೆಂಟನ್ನು ಬರೀ ಔಷಧದೊಂದಿಗೆ ಹೋಲಿಸಿತು. ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವಿಕೆ: ಸ್ಟೆಂಟಿನವರಲ್ಲಿ ಶೇ. 37.2, ಔಷಧದವರಲ್ಲಿ ಶೇ. 38. ವ್ಯತ್ಯಾಸವೇ ಇಲ್ಲ. ಸಕ್ಕರೆ ಕಾಯಿಲೆಯ 1,900 ಜನರ ಮೇಲೆ ನಡೆದ 2012ರ 'ಫ್ರೀಡಂ' ಅಧ್ಯಯನದಲ್ಲಂತೂ ಬೈಪಾಸ್ ಸ್ಟೆಂಟಿಗಿಂತ ಮೇಲೆಂದು ನೇರವಾಗಿ ಕಂಡಿತು. ಆದರೆ ಅಲ್ಲಿದ್ದವರಲ್ಲಿ ಹೆಚ್ಚಿನವರ ಹೃದಯ ದುರ್ಬಲವಾಗಿರಲಿಲ್ಲ. ರಿವೈವ್ಡ್ ಮೂರೂವರೆ ವರ್ಷದ ಲೆಕ್ಕ, ಸ್ಟಿಚ್ ಹತ್ತು ವರ್ಷದ್ದು ಎಂಬ ಪ್ರತಿವಾದವನ್ನೂ ತಳ್ಳಿಹಾಕುವಂತಿಲ್ಲ. ದುರ್ಬಲ ಹೃದಯದಲ್ಲಿ ಬೈಪಾಸ್, ಸ್ಟೆಂಟ್ ಎರಡನ್ನೂ ಮುಖಾಮುಖಿ ನಿಲ್ಲಿಸುವ ಅಧ್ಯಯನಗಳು ಈಗ ನಡೆಯುತ್ತಿವೆ.

ನಾಲ್ಕನೆಯದು: ಈಗಿನ ಔಷಧ ಬೇರೆಯೇ

ಇದನ್ನು ಅರ್ಧ ಒಪ್ಪುತ್ತೇನೆ. ಸ್ಟಿಚ್‌ಗೆ ರೋಗಿಗಳನ್ನು ಸೇರಿಸಿದ ಕಾಲದಲ್ಲಿ ಹೃದಯ ವೈಫಲ್ಯದ ಮಾತ್ರೆ ಸಕುಬಿಟ್ರಿಲ್ ಇರಲಿಲ್ಲ. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್ ಹೃದಯ ವೈಫಲ್ಯಕ್ಕೂ ಆಗುತ್ತದೆಂದು ತಿಳಿದದ್ದು 2019ರಲ್ಲಿ. ಈಗ ನಾಲ್ಕು ಬಗೆಯ ಮಾತ್ರೆ ಸೇರಿಸಿ ಕೊಟ್ಟರೆ ಕೆಲವರ ಪಂಪಿಂಗ್ ತಿಂಗಳುಗಳಲ್ಲಿ ಏರುತ್ತದೆ. ಹೃದಯಾಘಾತವಾದ ಹೊಸತರಲ್ಲಿ ಮಾಡಿದ, ಪಂಪಿಂಗ್ ಅಳೆಯುವ ಎಕೋ ಪರೀಕ್ಷೆಯನ್ನು ನಂಬಿ ಜೀವಮಾನದ ತೀರ್ಮಾನ ಮಾಡಬಾರದು. ಬೆದರಿದ ಸ್ನಾಯು ವಾರಗಳಲ್ಲಿ ತಾನಾಗಿ ಎಚ್ಚರಗೊಳ್ಳುವುದುಂಟು. ಹಾಗಾಗಿ ಎಡ ಮುಖ್ಯ ನಾಳದಲ್ಲಿ ತಡೆ ಇಲ್ಲದಿದ್ದರೆ, ಎದೆನೋವು ಹೆಚ್ಚುತ್ತಿಲ್ಲದಿದ್ದರೆ, ಮೊದಲು ಔಷಧ ಸರಿಪಡಿಸಿ ಕೆಲವು ವಾರ ಕಾಯುವುದರಲ್ಲಿ ತಪ್ಪಿಲ್ಲ. "ಅಡಿಕೆ ಕೊಯ್ಲು ಮುಗಿಯಲಿ" ಎಂದು ಕೇಳುವ ಕೃಷಿಕನಿಗೂ ವೈದ್ಯರು ಆಗ ಹೂಂ ಎಂದಾರು. ಎಡ ಮುಖ್ಯ ನಾಳದ ತಡೆಯಾದರೆ ಕೊಯ್ಲು ಬೇರೆಯವರು ಮಾಡಲಿ. ಆದರೆ ಔಷಧ ಒಳ್ಳೆಯದಾಯಿತೆಂಬುದು ಬೈಪಾಸ್ ಬೇಡವೆನ್ನಲು ಸಾಕಾಗದು. ಬೈಪಾಸ್ ಆದವರಿಗೂ ಅದೇ ಔಷಧ ಬೇಕು.

ಐದನೆಯದು: ಹಣ, ದೂರ, ಆಮೇಲಿನ ಬದುಕು

ಹಣದ ಆಕ್ಷೇಪಕ್ಕೆ ಈಗ ಮೊದಲಿನ ಬಲವಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30 ಸಿಗುತ್ತದೆ, ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತಪ್ಪಬಾರದು. ಕಿನ್ನಿಗೋಳಿಯ ಹೃದಯ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿಯವರ ಬೆಂಬಲದಿಂದ 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ 2018ರಲ್ಲಿ ನಿಂತು, 2022ರಲ್ಲಿ ಸಹಕಾರಿ ಸದಸ್ಯರಿಗೆ ಮತ್ತೆ ತೆರೆಯಿತು. ಸಹಕಾರಿ ಸಂಘದ ಖಾತೆಯಿಲ್ಲದ ಅಡಿಕೆ ತೋಟ ನಮ್ಮಲ್ಲಿ ಅಪರೂಪ. ಮಂಗಳೂರು, ದೇರಳಕಟ್ಟೆ, ಮಣಿಪಾಲಕ್ಕೆ ಹೋಗಿ ಬರುವ ದೂರವೂ ಒಂದೆರಡು ಸಲದ್ದು.

ಗಟ್ಟಿಯಾದ ಆಕ್ಷೇಪ ಆಮೇಲಿನದು. ಕೊಯ್ದ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಷ್ಟು ದಿನ ಮರ ಹತ್ತುವಂತಿಲ್ಲ, ಗೊನೆ ಹೊರುವಂತಿಲ್ಲ, ಮೈಲುತುತ್ತಿನ ಪಂಪು ಹಿಡಿಯುವಂತಿಲ್ಲ. ಕೂಲಿಗೆ ಮರ ಹತ್ತುವವನಿಗೆ ಆ ತಿಂಗಳುಗಳ ಅನ್ನ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ತಿಂಗಳು ತಿಂಗಳ ಮಾತ್ರೆ ಸ್ವಂತ ಖರ್ಚು. ಜನೌಷಧಿಯಲ್ಲಿ ಕೊಂಡರೆ ಹೊರೆ ಇಳಿಯುತ್ತದೆ, ಇಲ್ಲದಾಗುವುದಿಲ್ಲ. ಇನ್ನು ಊಟ. ಕುಚ್ಚಲಕ್ಕಿ ಗಂಜಿ ತಪ್ಪಲ್ಲ, ಅದರ ಜೊತೆಗಾರರು ತಪ್ಪು: ಉಪ್ಪಿನಕಾಯಿ, ಉಪ್ಪುಸೊಳೆ, ಒಣಮೀನು. ದುರ್ಬಲ ಹೃದಯದವರಿಗೆ ಉಪ್ಪೆಂದರೆ ನೀರು, ನೀರೆಂದರೆ ಕಾಲಿನ ಬಾವು ಮತ್ತು ನಡುರಾತ್ರಿಯ ಏದುಸಿರು. ದಿನಾ ಬೆಳಗ್ಗೆ ತೂಕ ನೋಡಿ, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ವೈದ್ಯರಿಗೆ ಹೇಳುವವರು ಮನೆಯಲ್ಲಿದ್ದಾರೆಯೇ? ಫಲ ಎರಡು ವರ್ಷ ಕಳೆದ ಮೇಲೆ ಬರುವುದಾದರೆ, ಆ ಎರಡು ವರ್ಷ ನೋಡಿಕೊಳ್ಳುವವರು ಯಾರೆಂಬುದು ಶಸ್ತ್ರವೈದ್ಯರ ಕೌಶಲದಷ್ಟೇ ದೊಡ್ಡ ಪ್ರಶ್ನೆ. ಸರಕಾರಿ ಯೋಜನೆಗಳು ಆಪರೇಷನ್ನಿಗೆ ಕೊಟ್ಟ ಮನಸ್ಸನ್ನು ಇದಕ್ಕೆ ಕೊಟ್ಟಿಲ್ಲ ಎಂಬುದು ನನ್ನ ತಕರಾರು.

ಸಿದ್ಧಾಂತ, ಅದರ ಅಪವಾದ

ಅರವತ್ತರ ಆಸುಪಾಸಿನವರು, ಎರಡು ಮೂರು ನಾಳಗಳಲ್ಲಿ ತಡೆ, ಜೋಡಿಸಲು ಯೋಗ್ಯವಾದ ನಾಳ, ಕೆಲಸಮಾಡುವ ಮೂತ್ರಪಿಂಡ: ಇಂಥವರಿಗೆ ಪಂಪಿಂಗ್ 30 ಆದರೂ, 25 ಆದರೂ, ಅನುಭವವುಳ್ಳ ತಂಡ ಸಿಕ್ಕರೆ ಬೈಪಾಸ್ ವಿಹಿತ. ವಯಸ್ಸು ಏರಿದಂತೆ ಆಯುಸ್ಸಿನ ಲಾಭ ಕಿರಿದಾಗುತ್ತದೆಂದು ಸ್ಟಿಚ್ ಲೆಕ್ಕವೇ ಹೇಳಿದೆ. ಎಪ್ಪತ್ತೈದು ದಾಟಿ, ಮೂತ್ರಪಿಂಡ ಸೋತು, ಹಾಸಿಗೆ ಹಿಡಿದವರನ್ನು ಮಕ್ಕಳ ಸಮಾಧಾನಕ್ಕಾಗಿ ಕೊಯ್ಯಿಸಬಾರದು. ಮಧ್ಯದವರಿಗೆ ಒಂದು ಸರಳ ಅಳತೆಯುಂಟು. ಸ್ಟಿಚ್‌ನಲ್ಲಿ ಆರು ನಿಮಿಷದಲ್ಲಿ 300 ಮೀಟರ್ ನಡೆಯಬಲ್ಲವರಿಗೆ ಬೈಪಾಸ್ ಒಳಿತು ಮಾಡಿತು, ನಡೆಯಲಾಗದವರಿಗೆ ಮೊದಲ ತಿಂಗಳುಗಳ ಅಪಾಯವೇ ಮೇಲಾಯಿತು. ನಮ್ಮ ಗುಡ್ಡೆಯ ಮನೆಗಳಿಂದ ಮಾರ್ಗಕ್ಕೆ ಅಷ್ಟು ದೂರ ಇದ್ದೇ ಇರುತ್ತದೆ. ಅಳತೆಯನ್ನು ಮಾತ್ರ ಸಮತಟ್ಟಿನಲ್ಲಿ, ಆಸ್ಪತ್ರೆಯಲ್ಲಿ ಮಾಡಿಸಬೇಕು.

ಒಂದು ಮಾತು ಬಾಕಿ. ಪಂಪಿಂಗ್ ಕಡಿಮೆ ಇದ್ದವರಿಗೆ ಬಡಿತ ಹಠಾತ್ತನೆ ತಪ್ಪಿ ಸಾವು ಬರುವ ಭಯವಿದೆ. ಅದನ್ನು ತಡೆಯಲು ಭುಜದ ಕೆಳಗೆ ಕೂರಿಸುವ ಶಾಕ್ ಯಂತ್ರವಿದೆ. ಬೈಪಾಸ್ ಮಾಡುವಾಗಲೇ ಅದನ್ನೂ ಹಾಕಿಬಿಡಿ ಎನ್ನುವವರುಂಟು. ಹಾಗೆ ಒಟ್ಟಿಗೆ ಹಾಕಿದ್ದರಿಂದ ಪ್ರಯೋಜನವಾಗಲಿಲ್ಲವೆಂದು 1997ರಲ್ಲೇ ಒಂದು ಅಧ್ಯಯನ ತೋರಿಸಿದೆ. ಮೂರು ತಿಂಗಳು ಔಷಧ ಕೊಟ್ಟು, ಮತ್ತೆ ಎಕೋ ಮಾಡಿ, ಆಗಲೂ 35ಕ್ಕಿಂತ ಮೇಲೇರದಿದ್ದರೆ ಅದನ್ನು ಯೋಚಿಸುತ್ತಾರೆ. ಆಪರೇಷನ್ ಸುಸೂತ್ರ ಆಯಿತೆಂದು ಆ ಮೂರನೆಯ ತಿಂಗಳ ಎಕೋಗೆ ಹೋಗದೆ ಉಳಿಯುವವರೇ ನಮ್ಮಲ್ಲಿ ಹೆಚ್ಚು ಕಾಣುತ್ತಾರೆ.