ಸಹನೆಯೂ ಸಮ್ಮತಿಯೂ

ಬೇಸಗೆಯ ದಿನಗಳಲ್ಲಿ ಜೋಯಿಡಾದ ಘಟ್ಟಸೀಮೆಯಿಂದ ದಾಂಡೇಲಿ, ಹಳಿಯಾಳಗಳನ್ನು ದಾಟಿ ಮುಂಡಗೋಡದ ಕಡೆಗೆ ಪ್ರಯಾಣ ಮಾಡಿದವರಿಗೆ ಒಂದು ದೃಶ್ಯವು ಪರಿಚಿತವಾಗಿದೆ. ಘಟ್ಟದ ಕಣಿವೆಗಳಲ್ಲಿ ಹಸಿರು ಇನ್ನೂ ಮಾಸದಿರುವಾಗ, ಬಯಲ ಸೆರಗಿನ ತೇಗದ ಮರಗಳು ಎಲೆಗಳನ್ನೆಲ್ಲ ಕಳಚಿ ಬೋಳಾಗಿ ನಿಂತಿರುತ್ತವೆ. ಅರಿಯದವನು ಅವನ್ನು ಸತ್ತ ಮರಗಳೆಂದಾನು. ಅದು ಸಾವಲ್ಲ, ಸಂಯಮ. ಎಲೆಗಳ ಮೂಲಕ ನೀರು ಆವಿಯಾಗಿ ಹೋಗುವುದರಿಂದ, ನೆಲದಲ್ಲಿ ತೇವವಿಲ್ಲದಾಗ ಎಲೆಯನ್ನೇ ತ್ಯಜಿಸಿ ಜೀವವನ್ನು ಉಳಿಸಿಕೊಳ್ಳುವುದು ತೇಗದ ರೀತಿ. ಮತ್ತಿಯ ಮರವು ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದುಂಟು. ಹೊಂಗೆಯಾದರೋ ಬೇಸಗೆಯಲ್ಲಿಯೇ ಚಿಗುರಿ ದಾರಿಗರಿಗೆ ನೆರಳನ್ನೀಯುತ್ತದೆ.

ಕಾಡಿನ ಮರಕ್ಕೆ ಕಷ್ಟವು ಋತುವಿನೊಡನೆ ಬಂದು ಋತುವಿನೊಡನೆ ಹೋಗುತ್ತದೆ. ಪೇಟೆಯ ಮರದ ಕಷ್ಟವು ಹಾಗಲ್ಲ. 1955ರಲ್ಲಿ ಕಾಗದದ ಕಾರಖಾನೆಯು ಸ್ಥಾಪನೆಯಾದ ಮೇಲೆ ಅಡವಿಯ ನಡುವೆಯೇ ಬೆಳೆದ ಊರು ದಾಂಡೇಲಿ. ಅಲ್ಲಿರಲಿ, ಬೇರಾವ ಪೇಟೆಯಲ್ಲಿರಲಿ, ಬೀದಿಯ ಮರಕ್ಕೆ ಮೇಲಿನಿಂದ ಬಿಸಿಲು, ಕೆಳಗಿನಿಂದ ಡಾಂಬರಿನ ಕಾವು. ಎಲೆಯ ಮೇಲೆ ಧೂಳು ಕೂಡುತ್ತದೆ. ಬುಡದವರೆಗೆ ಕಾಂಕ್ರೀಟು ಹಾಕಿದಾಗ ಬೇರಿಗೆ ಮಳೆಯ ನೀರೂ ಇಲ್ಲ, ಗಾಳಿಯೂ ಇಲ್ಲ. ನಡುಹಗಲಿನಲ್ಲಿ ಮರವು ಎಲೆಗಳ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಉಳಿಸುತ್ತದೆ. ಆದರೆ ಆಹಾರವನ್ನು ಸಿದ್ಧಗೊಳಿಸಲು ಬೇಕಾದ ಗಾಳಿಯು ಒಳಹೋಗುವುದೂ ಅದೇ ರಂಧ್ರಗಳಿಂದಲೇ. ಆದುದರಿಂದ ನೀರನ್ನುಳಿಸುವ ಮರವು ಉಪವಾಸವಿರಬೇಕಾಗುತ್ತದೆ. ಉಪವಾಸವು ಬಹುಕಾಲ ನಡೆದರೆ ಶಕ್ತಿಗುಂದಿ, ಹುಳುವಿಗೂ ಅಣಬೆಗೂ ಎಡೆಗೊಡುತ್ತದೆ. ನಾವು ಮಾಡಿ ಮರೆತ ಗಾಯಕ್ಕೆ ಅದು ಹತ್ತಾರು ವರ್ಷಗಳ ತರುವಾಯ ಸಾಯುವುದುಂಟು.

ಇಲ್ಲಿ ಒಂದು ಧರ್ಮವಿಚಾರವು ಏಳುತ್ತದೆ. ಇಷ್ಟನ್ನು ಸಹಿಸಿದ ಮರವು ಇನ್ನಷ್ಟನ್ನು ಸಹಿಸಲಾರದೇ ಎಂದು ನಾವು ಬಗೆಯುತ್ತೇವೆ. ಸಹನೆಯನ್ನು ಸಮ್ಮತಿಯೆಂದು ತಿಳಿಯುವ ಈ ತಪ್ಪು ಮರದ ವಿಷಯದಲ್ಲಿ ಮಾತ್ರವೇ ನಡೆಯುವುದಲ್ಲ. ಮನೆಯಲ್ಲಿ ಮರುಮಾತಾಡದೆ ದುಡಿಯುವ ಸೊಸೆಯ ಮೇಲೆ, ಹೊಲದಲ್ಲಿ ತಲೆಬಗ್ಗಿಸಿ ದುಡಿಯುವ ಆಳಿನ ಮೇಲೆ ಭಾರವನ್ನು ಹೆಚ್ಚಿಸುತ್ತ ಹೋಗುವವರೂ ಇದೇ ತರ್ಕವನ್ನು ಹೂಡುತ್ತಾರೆ. ತಾಳುವವನ ಗುಣವು ಹೇರುವವನಿಗೆ ಅಧಿಕಾರವನ್ನು ಕೊಡಲಾರದು.

ರಸ್ತೆ ಬೇಡವೇ, ಕಾರಖಾನೆ ಬೇಡವೇ ಎಂದು ಕೇಳಬಹುದು. ಬೇಕು, ಕಾಯಕಕ್ಕೆ ಅವೂ ಸಾಧನಗಳೇ. ಆದರೆ ಅವಶ್ಯಕತೆ ಬೇರೆ, ಅನಾದರ ಬೇರೆ. ಬುಡದ ಸುತ್ತ ಒಂದು ಮೀಟರು ಮಣ್ಣನ್ನು ಬಿಟ್ಟರೆ ಯಾವ ರಸ್ತೆಯೂ ನಿಲ್ಲುವುದಿಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳಿಗೆ ಇಷ್ಟನ್ನೇ ಬಿಡಿಸಿಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ. ಕಾನೂನು ಕೊಡಲಿ ಹಿಡಿದವನನ್ನು ತಡೆದೀತು. ಮೆಲ್ಲಮೆಲ್ಲನೆ ಉಸಿರುಗಟ್ಟಿಸುವವನನ್ನು ಅವನ ಅಂತಃಕರಣವೇ ತಡೆಯಬೇಕು.

ಪರರನ್ನು ದೂರುವ ಮೊದಲು ನಮ್ಮ ಅಂಗಳವನ್ನು ನೋಡಿಕೊಳ್ಳೋಣ. ಗುಡಿಗುಂಡಾರ, ಮಠಮಾನ್ಯಗಳಲ್ಲಿಯೂ ಸ್ವಚ್ಛತೆಯ ಹೆಸರಿನಲ್ಲಿ ಬಿಲ್ವದ ಬುಡದವರೆಗೆ ಫರಸಿ ಹಾಸುವುದುಂಟು. ಜಾತ್ರೆಯ ಫಲಕಕ್ಕಾಗಿ ಬೇವಿಗೆ ಮೊಳೆ ಹೊಡೆಯುವುದುಂಟು. ಇಷ್ಟಲಿಂಗಕ್ಕೆ ಪತ್ರಿಯನ್ನು ಏರಿಸುವ ಕೈಯೇ ಆ ಪತ್ರಿಯ ಬೇರಿಗೆ ಗಾರೆಯನ್ನು ಮೆತ್ತಿದರೆ ಆ ಪೂಜೆಯು ಪೂರ್ಣವಾದೀತೆ?

ಬಿಸಿಲು ತಾಗಿದರೆ ಪಶುಪಕ್ಷಿಗಳು ನೆರಳನ್ನು ಅರಸಿ ಹೋಗುತ್ತವೆ. ಮರವು ಹೋಗಲಾರದು, ನಿಂತಲ್ಲಿಯೇ ನಿಂತು ಪರರಿಗೆ ನೆರಳಾಗುತ್ತದೆ. ಅದು ಸ್ಥಾವರವಾಗಿದ್ದರೂ ನಿತ್ಯದಾಸೋಹಿ. ಜಂಗಮವೆಂಬುದು ಬರಿಯ ಕಾಲಿನ ಚಲನೆಯಲ್ಲ, ಅರಿವಿನ ಚಲನೆ ಎಂಬುದನ್ನು ಶರಣಮಾರ್ಗಿಗಳಾದ ನಾವು ಬಲ್ಲೆವು. ಹಾಗಿದ್ದ ಮೇಲೆ, ಚಲಿಸಲಾರದ ಜೀವದ ಹೊಣೆಯು ಚಲಿಸಬಲ್ಲವನ ಮೇಲಿದೆ. ಈ ಮಳೆಗಾಲಕ್ಕೆ ಮುನ್ನ ಸದ್ಭಕ್ತರು ಪ್ರತಿಯೊಬ್ಬರೂ ಒಂದು ಮರದ ಬುಡದ ಕಲ್ಲನ್ನು ಕಿತ್ತು ಮಣ್ಣನ್ನು ಸಡಿಲಿಸಲಿ. ಸಸಿ ನೆಡುವುದು ಪುಣ್ಯವೆಂದು ನಾವು ಕೇಳಿದ್ದೇವೆ. ನಿಂತ ಮರಕ್ಕೆ ಉಸಿರಾಡಲು ಎಡೆ ಬಿಡುವುದು ಅದಕ್ಕಿಂತ ಕಡಿಮೆಯ ಪುಣ್ಯವಲ್ಲ.