ಕಾಣದ್ದನ್ನು ಬರೆಯಬಹುದೇ?

2025ರ ಜನವರಿ. ಮಂಗಳ ಭೂಮಿಯಿಂದ ಸುಮಾರು 9.6 ಕೋಟಿ ಕಿ.ಮೀ. ದೂರಕ್ಕೆ ಬಂದಿತ್ತು. ಸೇಡಂ ರಸ್ತೆಯ ನಮ್ಮ ಮನೆ ಮಾಳಿಗೆ ಮೇಲೆ ಆರು ಇಂಚಿನ ಟೆಲಿಸ್ಕೋಪ್ ಇಟ್ಟು, ಅದರ ಚಿತ್ರ ಬರೆಯಲು ಕೂತಿದ್ದೆ. ಲಾರಿಗಳ ಧೂಳು, ನಡುಗುವ ಗಾಳಿ. ಉತ್ತರ ಧ್ರುವದ ಬಿಳಿ ಟೋಪಿ ಕಂಡಿತು, ಅಷ್ಟೇ.

"ಸಿರ್ಟಿಸ್ ಮೇಜರ್ ಕಲೆ ಎಲ್ಲದನೋ? ಆ್ಯಪ್‌ನಾಗ ನಟ್ಟನಡುವ ತೋರಿಸ್ಲತದಲ್ಲ, ಬರದಬಿಡು," ಅಂದ ಗೆಳೆಯ.

ಕಲೆ ಅಲ್ಲಿರೋದು ನಿಜ. ನನಗೆ ಕಾಣದಿದ್ದದ್ದೂ ನಿಜ.

ಪರ್ಸಿವಲ್ ಲೊವೆಲ್ 1894ರಿಂದ ವರ್ಷಗಟ್ಟಲೆ ಮಂಗಳದ ಮೇಲೆ ಕಾಲುವೆಗಳನ್ನು ಬರೆದ. ಅಲ್ಲಿ ಕಾಲುವೆ ಇರಲಿಲ್ಲ. ಆದರೆ ಅವನಿಗೆ ಕಂಡಿದ್ದವು. ಅದು ತಪ್ಪು, ಸುಳ್ಳಲ್ಲ. ನಾನು ಕಲೆ ಬರೆದಿದ್ದರೆ ಸರಿಯಾಗಿರುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು.

ಫೋಟೊ ತೆಗೆಯುವವರೂ ಸಾವಿರಾರು ಫ್ರೇಮ್‌ಗಳಲ್ಲಿ ಚೆನ್ನಾಗಿರುವುದನ್ನಷ್ಟೇ ಆರಿಸಿ ಜೋಡಿಸ್ತಾರಲ್ಲ? ಹೌದು. ಒಳ್ಳೆಯವರು ಅದನ್ನೂ ಫೋಟೊ ಕೆಳಗೆ ಹೇಳಿರ್ತಾರೆ.

2018ರಲ್ಲಿ ಧೂಳಿನ ಬಿರುಗಾಳಿ ಇಡೀ ಮಂಗಳವನ್ನು ಮುಚ್ಚಿ, ಕಲೆಗಳೆಲ್ಲ ಮಸುಕಾಗಿದ್ದವು. ಆ್ಯಪ್ ನೋಡಿ ಬರೆಯುವವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಹಾಳೆಯ ಕೆಳಗೆ ಬರೆದೆ: ಗಾಳಿ ಸರಿಯಿಲ್ಲ. ಕಲೆ ಕಾಣಲಿಲ್ಲ.